ಜೀವರೂಪಗಳ ಗಣಿತಜ್ಞ ಡಾರ್ಸಿ ಥಾಂಪ್ಸನ್

ಕುಂಬಾರನು ತಿಗರಿಯ ಮೇಲೆ ಮಣ್ಣಿನ ಮುದ್ದೆಯನ್ನಿಟ್ಟು ಗಡಿಗೆಯನ್ನು ಎತ್ತುವಾಗ ಆ ಗಡಿಗೆಯ ಆಕಾರವು ಅವನ ಸಂಕಲ್ಪವೊಂದರಿಂದಲೇ ಹುಟ್ಟುವುದಿಲ್ಲ. ಮಣ್ಣಿನ ಜಿಗುಟು, ಅದರಲ್ಲಿ ಬೆರೆತ ನೀರಿನ ಪ್ರಮಾಣ, ತಿಗರಿಯ ವೇಗ, ಬೆರಳಿನ ಒತ್ತಡ ಇವೆಲ್ಲವೂ ಕೂಡಿ ಆಕಾರವನ್ನು ನಿರ್ಣಯಿಸುತ್ತವೆ. ಮರಳು ಹೆಚ್ಚಾದ ಮಣ್ಣಿನಲ್ಲಿ ತೆಳುವಾದ ಕಂಠವು ಏಳದು. ನೀರು ಹೆಚ್ಚಾದರೆ ಗೋಡೆ ಕುಸಿಯುತ್ತದೆ. ಶಾಸ್ತ್ರಕಾರರು ಮಣ್ಣನ್ನು ಉಪಾದಾನ ಕಾರಣವೆಂದೂ ಕುಂಬಾರನನ್ನು ನಿಮಿತ್ತ ಕಾರಣವೆಂದೂ ವಿಂಗಡಿಸಿ, ಇವೆರಡೂ ಕೂಡದೆ ಕಾರ್ಯವು ಸಿದ್ಧಿಸದೆಂದು ತಿಳಿಸಿದುದು ಇದೇ ಕಾರಣದಿಂದ.

ಗಡಿಗೆಯ ವಿಷಯದಲ್ಲಿ ಸುಲಭವಾಗಿ ಒಪ್ಪಿಗೆಯಾಗುವ ಈ ಮಾತು ಪ್ರಾಣಿಶರೀರದ ವಿಷಯದಲ್ಲಿ ಬಹುಕಾಲ ಮರೆತುಹೋಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜೀವಶಾಸ್ತ್ರಜ್ಞರು ಒಂದು ಅಂಗವನ್ನು ಕಂಡರೆ ಎರಡು ಪ್ರಶ್ನೆಗಳನ್ನು ಕೇಳುತ್ತಿದ್ದರು: ಇದು ಯಾವ ಪೂರ್ವಜನಿಂದ ಬಂದಿತು? ಇದರಿಂದ ಪ್ರಾಣಿಗೆ ಪ್ರಯೋಜನವೇನು? ಆ ಅಂಗವಾಗಿ ಪರಿಣಮಿಸಿದ ದ್ರವ್ಯವು ಯಾವ ಎಳೆತಕ್ಕೆ, ಯಾವ ಒತ್ತಡಕ್ಕೆ ಒಳಗಾಗಿ ಈ ರೂಪವನ್ನು ತಾಳಿತು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳರಾಗಿದ್ದರು. ಆ ಪ್ರಶ್ನೆಯನ್ನೇ ಜೀವನದ ವ್ರತವಾಗಿ ಸ್ವೀಕರಿಸಿ, ಕಾಲಪ್ರವಾಹಕ್ಕೆ ಎದುರಾಗಿ ನಿಂತ ಮಹನೀಯರು ಸ್ಕಾಟ್ಲೆಂಡಿನ ಡಾರ್ಸಿ ವೆಂಟ್‌ವರ್ತ್ ಥಾಂಪ್ಸನ್.

ಥಾಂಪ್ಸನ್ನರು 1860ನೆಯ ಇಸವಿ ಮೇ 2ರಂದು ಎಡಿನ್‌ಬರೋ ನಗರದಲ್ಲಿ ಜನಿಸಿದರು. ಹಡೆದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ತಂದೆಯವರ ಹೆಸರೂ ಡಾರ್ಸಿ ಥಾಂಪ್ಸನ್ ಎಂದೇ. ಅವರು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಅಧ್ಯಾಪಕರು; ಬೆತ್ತ ಮತ್ತು ಬಾಯಿಪಾಠಗಳಿಂದ ವಿದ್ಯೆ ಬಾರದು, ಮಕ್ಕಳಿಗೆ ಭಾಷೆಯನ್ನು ಪ್ರೀತಿಯಿಂದ ಕಲಿಸಬೇಕು ಎಂದು 1864ರಲ್ಲೇ ಪುಸ್ತಕ ಬರೆದವರು. ತಂದೆಯು ಐರ್ಲೆಂಡಿನ ಗಾಲ್ವೇ ಕಾಲೇಜಿಗೆ ಗ್ರೀಕ್ ಪ್ರಾಧ್ಯಾಪಕರಾಗಿ ಹೋದುದರಿಂದ ಬಾಲಕನು ತಾಯಿಯ ತಂದೆಯಾದ ಜೋಸೆಫ್ ಗ್ಯಾಮ್‌ಜಿಯವರ ಮನೆಯಲ್ಲಿ ಬೆಳೆದನು. ತಾತನವರು ಪಶುವೈದ್ಯರು. ಹೀಗೆ ತಂದೆಯಿಂದ ಗ್ರೀಕ್ ಭಾಷೆಯ ಸಂಸ್ಕಾರವೂ ತಾತನ ಮನೆಯಿಂದ ಪ್ರಾಣಿಗಳ ಎಲುಬು ಕೀಲುಗಳ ಪರಿಚಯವೂ ಆ ಮಗುವಿಗೆ ಎಳವೆಯಲ್ಲಿಯೇ ದೊರೆತವು. ಮುಂದೆ ಗಣಿತವು ಇವುಗಳೊಡನೆ ಸೇರಿ ತ್ರಿವೇಣಿಯಾಯಿತು.

1878ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ವ್ಯಾಸಂಗಕ್ಕೆ ಸೇರಿದ ಥಾಂಪ್ಸನ್ನರು ಎರಡು ವರ್ಷಗಳ ಬಳಿಕ ಅದನ್ನು ಬಿಟ್ಟು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಹೋಗಿ ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿದರು. ಭ್ರೂಣಶಾಸ್ತ್ರದಲ್ಲಿ ಹೆಸರಾಂತ ಫ್ರಾನ್ಸಿಸ್ ಬಾಲ್ಫೋರ್ ಆಗ ಅಲ್ಲಿ ಬೋಧಿಸುತ್ತಿದ್ದರು. ಹೂವುಗಳ ಪರಾಗಸ್ಪರ್ಶವನ್ನು ಕುರಿತು ಜರ್ಮನ್ ವಿದ್ವಾಂಸ ಹರ್ಮನ್ ಮ್ಯುಲ್ಲರ್ ಬರೆದ ಗ್ರಂಥವನ್ನು ವಿದ್ಯಾರ್ಥಿದೆಸೆಯಲ್ಲಿಯೇ ಥಾಂಪ್ಸನ್ನರು ಇಂಗ್ಲಿಷಿಗೆ ಅನುವಾದಿಸಿದರು. 1883ರಲ್ಲಿ ಪ್ರಕಟವಾದ ಆ ಅನುವಾದಕ್ಕೆ ಮುನ್ನುಡಿಯನ್ನು ಬರೆದುಕೊಟ್ಟಿದ್ದವರು ಸಾಕ್ಷಾತ್ ಚಾರ್ಲ್ಸ್ ಡಾರ್ವಿನ್. ಪುಸ್ತಕವು ಹೊರಬರುವ ಮುನ್ನವೇ, 1882ರಲ್ಲಿ, ಅವರು ಕಾಲವಶರಾಗಿದ್ದರು. ಡಾರ್ವಿನ್ನರ ಹರಕೆಯೊಡನೆ ವಿದ್ವತ್ಪ್ರಪಂಚವನ್ನು ಪ್ರವೇಶಿಸಿದ ಯುವಕನೇ ಮುಂದೆ ಡಾರ್ವಿನ್ನರ ಅನುಯಾಯಿಗಳನ್ನು ಪ್ರಶ್ನಿಸುವವನಾದನು.

1884ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಥಾಂಪ್ಸನ್ನರು ಡಂಡಿ ನಗರದ ಯೂನಿವರ್ಸಿಟಿ ಕಾಲೇಜಿನಲ್ಲಿ ಜೀವಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಡಂಡಿಯು ಬಂಗಾಳದಿಂದ ಬರುವ ಸೆಣಬನ್ನು ನೇಯುವ ಊರು. ಸೆಣಬಿನ ನಾರನ್ನು ಮೆದುಗೊಳಿಸಲು ತಿಮಿಂಗಿಲದ ಎಣ್ಣೆ ಬೇಕಾಗಿದ್ದುದರಿಂದ ತಿಮಿಂಗಿಲ ಬೇಟೆಯ ಹಡಗುಗಳು ಅಲ್ಲಿಂದ ಉತ್ತರ ಸಮುದ್ರಗಳಿಗೆ ಹೋಗಿಬರುತ್ತಿದ್ದವು. ತರುಣ ಪ್ರಾಧ್ಯಾಪಕರು ನಾವಿಕರ ಸ್ನೇಹವನ್ನು ಸಂಪಾದಿಸಿ, ಅವರು ತಂದುಕೊಟ್ಟ ಅಸ್ಥಿಪಂಜರಗಳಿಂದಲೂ ವಿಚಿತ್ರ ಜಲಚರಗಳಿಂದಲೂ ದೊಡ್ಡದೊಂದು ವಸ್ತುಸಂಗ್ರಹಾಲಯವನ್ನು ಕಟ್ಟಿದರು. ಒಂದೇ ಕೋಣೆಯಲ್ಲಿ ತಿಮಿಂಗಿಲದ ದವಡೆಯನ್ನೂ ಹಕ್ಕಿಯ ರೆಕ್ಕೆಯೆಲುಬನ್ನೂ ಎದುರುಬದುರಾಗಿಟ್ಟು ನೋಡುವ ಅವಕಾಶವು ಅವರಿಗೆ ಒದಗಿತು.

ಆದರೆ ಈ ವರ್ಷಗಳು ಕೀರ್ತಿಯ ವರ್ಷಗಳಾಗಿರಲಿಲ್ಲ. ಪ್ರತಿಯೊಂದು ರೂಪವನ್ನೂ ಪ್ರಾಕೃತಿಕ ಆಯ್ಕೆಯಿಂದ ಮಾತ್ರವೇ ವಿವರಿಸುವುದು ಸಾಲದೆಂದು 1894ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನ ಸಮ್ಮೇಳನದಲ್ಲಿ ಅವರು ಪ್ರತಿಪಾದಿಸಿದರು. ಆ ಕಾಲದ ಪಂಡಿತವರ್ಗಕ್ಕೆ ಈ ಮಾತು ಹಿತವಾಗಲಿಲ್ಲ. ದೊಡ್ಡ ವಿಶ್ವವಿದ್ಯಾಲಯಗಳ ಪೀಠಗಳನ್ನು ಬಯಸಿ ಅರ್ಜಿ ಹಾಕಿದ ಥಾಂಪ್ಸನ್ನರಿಗೆ ಮತ್ತೆ ಮತ್ತೆ ನಿರಾಶೆಯೇ ಫಲವಾಯಿತು. ಆ ಸಣ್ಣ ಕಾಲೇಜಿನಲ್ಲಿಯೇ ಮೂವತ್ತೆರಡು ವರ್ಷಗಳು ಸಂದವು. ಈ ನಡುವೆ 1896 ಮತ್ತು 1897ರಲ್ಲಿ ಸರಕಾರದ ಪರವಾಗಿ ಬೇರಿಂಗ್ ಸಮುದ್ರಕ್ಕೆ ಹೋಗಿ ತುಪ್ಪುಳಿನ ಸೀಲುಗಳ ಬೇಟೆಯನ್ನು ಕುರಿತ ವಿವಾದವನ್ನು ಪರಿಶೀಲಿಸಿ ಬಂದರು. ಮೀನುಗಾರಿಕೆಯ ಸಮಿತಿಗಳಲ್ಲಿ ದಶಕಗಳ ಕಾಲ ದುಡಿದರು. ಗ್ರೀಕ್ ಸಾಹಿತ್ಯದಲ್ಲಿ ಬರುವ ಹಕ್ಕಿಗಳ ಹೆಸರುಗಳ ಕೋಶವನ್ನು 1895ರಲ್ಲಿಯೂ ಅರಿಸ್ಟಾಟಲನ ಪ್ರಾಣಿಶಾಸ್ತ್ರ ಗ್ರಂಥದ ಅನುವಾದವನ್ನು 1910ರಲ್ಲಿಯೂ ಪ್ರಕಟಿಸಿದರು. 1901ರಲ್ಲಿ ಮಾರೀನ್ ಡ್ರೂರಿ ಎಂಬವರನ್ನು ವಿವಾಹವಾಗಿ ಮೂವರು ಹೆಣ್ಣುಮಕ್ಕಳ ತಂದೆಯಾದರು.

ಅರಿಸ್ಟಾಟಲನ ವ್ಯಾಸಂಗವು ಅವರಿಗೆ ಕಾರಣಗಳ ವಿವೇಕವನ್ನು ಕಲಿಸಿತ್ತು. ಪ್ರಯೋಜನವೂ ಒಂದು ಕಾರಣವೇ. ಆದರೆ ಪ್ರಯೋಜನವನ್ನು ಹೇಳಿದ ಮಾತ್ರಕ್ಕೆ ಉತ್ಪತ್ತಿಯ ಕ್ರಮವನ್ನು ಹೇಳಿದಂತಾಗುವುದಿಲ್ಲ. ಗಡಿಗೆಯು ನೀರು ತುಂಬುವುದಕ್ಕೆಂದು ತಿಳಿದವನು ಗಡಿಗೆ ಆಗುವ ಬಗೆಯನ್ನು ತಿಳಿದವನಲ್ಲ. ಈ ವಿವೇಕದ ಫಲವಾಗಿ ಸಿದ್ಧವಾದುದೇ ಬೆಳವಣಿಗೆ ಮತ್ತು ರೂಪವನ್ನು ಕುರಿತ ಅವರ ಮಹಾಗ್ರಂಥ. 1915ರ ವೇಳೆಗೆ ಬಹುಮಟ್ಟಿಗೆ ಮುಗಿದಿದ್ದ ಬರವಣಿಗೆಯು ಮಹಾಯುದ್ಧದ ಅಡಚಣೆಗಳನ್ನು ದಾಟಿ 1917ರಲ್ಲಿ ಕೇಂಬ್ರಿಡ್ಜಿನಿಂದ ಬೆಳಕು ಕಂಡಿತು. ಆಗ ಗ್ರಂಥಕರ್ತರ ವಯಸ್ಸು ಐವತ್ತೇಳು; ಗ್ರಂಥದ ಗಾತ್ರ 793 ಪುಟಗಳು.

ಗ್ರಂಥದ ಸಾರವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು: ಜೀವಿಯ ಶರೀರವು ಬೇರೆ ದ್ರವ್ಯಗಳಂತೆಯೇ ಒಂದು ದ್ರವ್ಯ. ಅದಕ್ಕೆ ತೂಕವುಂಟು, ಜಿಗುಟುಂಟು, ಬಿಗುವುಂಟು, ಬಾಗುವ ಗುಣವುಂಟು. ಕಲ್ಲು ನೀರುಗಳನ್ನು ಆಳುವ ಭೌತನಿಯಮಗಳಿಗೆ ಮಾಂಸ ಮಜ್ಜೆಗಳೂ ಅಧೀನ. ಆದುದರಿಂದ ಒಂದು ರೂಪವನ್ನು ಕಂಡರೆ ಅದನ್ನು ತಿದ್ದಿದ ಬಲಗಳ ನಕ್ಷೆಯನ್ನು ಕಂಡಂತೆ.

ಮೊದಲಿಗೆ ಅವರು ಎತ್ತಿಕೊಂಡುದು ಗಾತ್ರದ ಪ್ರಶ್ನೆಯನ್ನು. ಗೆಲಿಲಿಯೋ ಹಿಂದೆಯೇ ತಿಳಿಸಿದ್ದಂತೆ, ಪ್ರಾಣಿಯೊಂದರ ಉದ್ದ ಅಗಲ ಎತ್ತರಗಳು ಇಮ್ಮಡಿಯಾದರೆ ಎಲುಬಿನ ಅಡ್ಡಕೊಯ್ತದ ವಿಸ್ತಾರವು ನಾಲ್ಮಡಿಯಾಗುತ್ತದೆ, ತೂಕವಾದರೋ ಎಂಟುಮಡಿಯಾಗುತ್ತದೆ. ಜಿಂಕೆಯನ್ನೇ ಹಿಗ್ಗಿಸಿ ಆನೆಯಾಗಿಸಿದರೆ ಅದರ ಕಾಲುಗಳು ಮೈಯ ಭಾರವನ್ನು ಹೊರಲಾರವು. ಆನೆಗೆ ಕಂಬದಂತಹ ಕಾಲುಗಳಿರುವುದು ಅದಕ್ಕಾಗಿ. ಅತಿ ಚಿಕ್ಕ ಜೀವಿಗಳ ಲೋಕದಲ್ಲಿ ಇದೇ ಲೆಕ್ಕವು ತಿರುವುಮುರುವಾಗುತ್ತದೆ: ಅಲ್ಲಿ ಭಾರವು ಅಲ್ಪ, ಮೇಲ್ಮೈಯ ಎಳೆತವೇ ಪ್ರಬಲ. ಸ್ನಾನ ಮಾಡಿದ ಮನುಷ್ಯನ ಮೈಗೆ ಅಂಟಿದ ನೀರು ಅವನಿಗೆ ಭಾರವೆನಿಸದು. ನೀರಿನಲ್ಲಿ ನೆನೆದ ನೊಣಕ್ಕೆ ಅದೇ ಹೊರಲಾಗದ ಹೊರೆ.

ಮುಂದೆ ಅವರು ಜೀವಕೋಶಗಳ ಕಡೆಗೆ ತಿರುಗಿದರು. ಸಾಬೂನಿನ ಗುಳ್ಳೆಗಳು ಒತ್ತೊತ್ತಾಗಿ ಸೇರಿದಾಗ ಮೂರು ಪೊರೆಗಳು ಒಂದೆಡೆ ಕೂಡಿ 120 ಅಂಶಗಳ ಸಮಾನ ಕೋನಗಳನ್ನು ಮಾಡುತ್ತವೆ. ವಿಭಜನೆ ಹೊಂದುತ್ತಿರುವ ಮೊಟ್ಟೆಯ ಕೋಶಗಳೂ ಹಲವೆಡೆ ಇದೇ ಜೋಡಣೆಯನ್ನು ತಾಳುವುದನ್ನು ಅವರು ತೋರಿಸಿದರು. ಒಂದು ದ್ರವದ ಹನಿಯು ಮತ್ತೊಂದು ದ್ರವದಲ್ಲಿ ಇಳಿಯುವಾಗ ಕೊಡೆಯಂತೆ ಅರಳಿ ಅಂಚಿನಿಂದ ಎಳೆಗಳನ್ನು ಬಿಡುತ್ತದೆ. ಕಡಲಿನ ಲೋಳೆಮೀನಿನ ಆಕಾರವೂ ಅದನ್ನೇ ಹೋಲುತ್ತದೆ. ಶಂಖ ಮತ್ತು ಟಗರಿನ ಕೊಂಬುಗಳಲ್ಲಿ ಹಳೆಯ ಭಾಗವು ಹಾಗೆಯೇ ಉಳಿದು, ಬಾಯಂಚಿನಲ್ಲಿಯೋ ಬುಡದಲ್ಲಿಯೋ ಹೊಸ ದ್ರವ್ಯವು ಒಂದೇ ಪ್ರಮಾಣದಲ್ಲಿ ಕೂಡುತ್ತಾ ಹೋಗುವುದರಿಂದ ಸಮಕೋನ ಸುರುಳಿಯು ತಾನಾಗಿಯೇ ಮೂಡುತ್ತದೆ. ಅದಕ್ಕೆ ಶಂಖದ ಹುಳುವು ಗಣಿತವನ್ನು ಕಲಿತಿರಬೇಕಾಗಿಲ್ಲ.

ಎಲುಬಿನ ಅಧ್ಯಾಯದಲ್ಲಿ ಅವರು ವಿವರಿಸಿದ ಪ್ರಸಂಗವೊಂದು ಪ್ರಸಿದ್ಧವಾದುದು. 1866ರಲ್ಲಿ ಜ್ಯೂರಿಕ್ ನಗರದಲ್ಲಿ ಮೈಯರ್ ಎಂಬ ಅಂಗರಚನಾಶಾಸ್ತ್ರಜ್ಞರು ತೊಡೆಯೆಲುಬನ್ನು ಉದ್ದಕ್ಕೆ ಸೀಳಿ, ಅದರ ತಲೆಯೊಳಗೆ ಹರಡಿರುವ ಸೂಕ್ಷ್ಮ ಎಳೆಗಳನ್ನು ಪರೀಕ್ಷಿಸುತ್ತಿದ್ದರು. ಅಲ್ಲಿಗೆ ಬಂದ ಕಲ್ಮನ್ ಎಂಬ ಎಂಜಿನಿಯರರು ಅದನ್ನು ನೋಡಿದೊಡನೆ ಅಚ್ಚರಿಗೊಂಡರು. ಭಾರವೆತ್ತುವ ಕ್ರೇನಿನ ವಿನ್ಯಾಸದಲ್ಲಿ ಒತ್ತಡ ಮತ್ತು ಎಳೆತಗಳ ರೇಖೆಗಳು ಹೇಗೆ ಹರಿಯುವುವೆಂದು ಅವರು ಗಣಿತದಿಂದ ಕಂಡುಕೊಂಡಿದ್ದರೋ, ಎಲುಬಿನ ಎಳೆಗಳು ಅದೇ ದಾರಿಯನ್ನು ಹಿಡಿದಿದ್ದವು. ಥಾಂಪ್ಸನ್ನರು ಈ ವಿಚಾರವನ್ನು ಇಡೀ ಅಸ್ಥಿಪಂಜರಕ್ಕೆ ವಿಸ್ತರಿಸಿದರು. ರಣಹದ್ದಿನ ರೆಕ್ಕೆಯೆಲುಬಿನೊಳಗೆ ಉಕ್ಕಿನ ತೊಲೆಗಳಲ್ಲಿ ಕಾಣುವ ಓರೆಗಂಬಗಳ ಜೋಡಣೆಯನ್ನೂ, ನಾಲ್ಕು ಕಾಲಿನ ಪ್ರಾಣಿಯ ಬೆನ್ನೆಲುಬಿನಲ್ಲಿ 1890ರಲ್ಲಿ ಸಂಚಾರಕ್ಕೆ ತೆರೆದ ಫೋರ್ತ್ ಸೇತುವೆಯ ತತ್ತ್ವವನ್ನೂ ಅವರು ಗುರುತಿಸಿದರು. ಎಲುಬು ಜಡವಾದ ಕಂಬವಲ್ಲ. ಭಾರ ಬಿದ್ದೆಡೆಯಲ್ಲಿ ಬೆಳೆದು, ಬೀಳದೆಡೆಯಲ್ಲಿ ಕರಗುವ ಜೀವಂತ ದ್ರವ್ಯ.

ಗ್ರಂಥದ ಕೊನೆಯ ಅಧ್ಯಾಯವು ಎಲ್ಲಕ್ಕಿಂತ ಹೆಚ್ಚಾಗಿ ಓದುಗರ ಮನಸ್ಸನ್ನು ಸೆಳೆಯಿತು. ಚೌಕಳಿಯ ಕಾಗದದ ಮೇಲೆ ಒಂದು ಮೀನಿನ ಚಿತ್ರವನ್ನು ಬರೆದು, ಆ ಚೌಕಳಿಯನ್ನು ಒಂದೇ ನಿಯಮಕ್ಕನುಸಾರವಾಗಿ ಹಿಗ್ಗಿಸಿದರೆ ಅಥವಾ ಬಾಗಿಸಿದರೆ ಮತ್ತೊಂದು ಜಾತಿಯ ಮೀನಿನ ಚಿತ್ರವು ಮೂಡುತ್ತದೆ. ಮುಳ್ಳುಮೀನಾದ ಡಯೊಡಾನ್ ಹೀಗೆ ವಿಶಾಲಕಾಯದ ಸೂರ್ಯಮೀನಾಗಿ ಮಾರ್ಪಡುತ್ತದೆ. ಒಂದು ಏಡಿಯ ಚಿಪ್ಪು ಇನ್ನೊಂದು ಏಡಿಯದಾಗುತ್ತದೆ. ಮನುಷ್ಯನ ತಲೆಬುರುಡೆಯು ಚಿಂಪಾಂಜಿಯ ಬುರುಡೆಯ ಹೋಲಿಕೆಯನ್ನು ತಾಳುತ್ತದೆ. ಅಂದರೆ ಸಂಬಂಧಿಗಳಾದ ಜಾತಿಗಳ ನಡುವಣ ಭೇದವು ಅಂಗಾಂಗಗಳಲ್ಲಿ ಬಿಡಿಬಿಡಿಯಾಗಿ ಉಂಟಾದ ನೂರಾರು ಬದಲಾವಣೆಗಳ ಮೊತ್ತವಾಗಿರಬೇಕಾಗಿಲ್ಲ. ಇಡೀ ದೇಹದ ಬೆಳವಣಿಗೆಯ ಪ್ರಮಾಣದಲ್ಲಿ ಆದ ಒಂದು ವ್ಯತ್ಯಾಸವೇ ಅದಕ್ಕೆ ಸಾಕಾಗಬಹುದು.

ಈ ವಿಚಾರದಲ್ಲಿ ಥಾಂಪ್ಸನ್ನರೇ ಮೊದಲಿಗರೆಂದು ಹೇಳಲಾಗದು. ಜರ್ಮನಿಯ ವಿಲ್ಹೆಲ್ಮ್ ಹಿಸ್ 1874ರಲ್ಲಿಯೇ ರಬ್ಬರಿನ ಕೊಳವೆಗಳನ್ನು ಬಾಗಿಸಿ ತೋರಿಸಿ, ಭ್ರೂಣದ ಮೆದುಳು ಕರುಳುಗಳ ಮಡಿಕೆಗಳು ಇಂತಹ ಬಾಗುವಿಕೆಯಿಂದ ಉಂಟಾಗುತ್ತವೆಯೆಂದು ವಾದಿಸಿ, ಹೆಕೆಲ್ ಮೊದಲಾದವರ ಪರಿಹಾಸಕ್ಕೆ ಗುರಿಯಾಗಿದ್ದರು. ಹಿಸ್ ಅವರು ಬಿತ್ತಿದ ಬೀಜವನ್ನು ಗಣಿತದ ನೀರೆರೆದು ಮರವಾಗಿ ಬೆಳೆಸಿದುದು ಥಾಂಪ್ಸನ್ನರ ಸಾಧನೆ.

ಇಂತಹ ಮಹಾಗ್ರಂಥದಲ್ಲಿಯೂ ದೋಷಗಳಿದ್ದುವೆಂಬುದನ್ನು ಮುಚ್ಚಿಡಲಾಗದು. ಗ್ರಂಥವು ಪ್ರಕಟವಾಗುವ ಹೊತ್ತಿಗೆ ಮೆಂಡೆಲನ ಅನುವಂಶೀಯತೆಯ ನಿಯಮಗಳು ಮರಳಿ ಬೆಳಕಿಗೆ ಬಂದು ಹದಿನೇಳು ವರ್ಷಗಳಾಗಿದ್ದವು. ಅಮೆರಿಕದಲ್ಲಿ ಮಾರ್ಗನ್ ಮತ್ತು ಅವರ ಶಿಷ್ಯರು ಹಣ್ಣಿನ ನೊಣದ ಮೇಲೆ ಪ್ರಯೋಗ ನಡೆಸಿ ವಂಶವಾಹಿಗಳ ನೆಲೆಯನ್ನು ಗುರುತಿಸುತ್ತಿದ್ದರು. ಥಾಂಪ್ಸನ್ನರು ಈ ಹೊಸ ವಿದ್ಯೆಯತ್ತ ಹೆಚ್ಚು ಗಮನ ಕೊಡಲಿಲ್ಲ. 1942ರಲ್ಲಿ 1116 ಪುಟಗಳಿಗೆ ಹಿಗ್ಗಿದ ಎರಡನೆಯ ಆವೃತ್ತಿಯಲ್ಲಿಯೂ ಆ ಉಪೇಕ್ಷೆಯು ಮುಂದುವರಿಯಿತು. ಹನಿಯ ಆಕಾರಕ್ಕೂ ಲೋಳೆಮೀನಿನ ಆಕಾರಕ್ಕೂ ಹೋಲಿಕೆಯಿದ್ದ ಮಾತ್ರಕ್ಕೆ ಎರಡಕ್ಕೂ ಕಾರಣವು ಒಂದೇ ಎಂದಾಗದು. ಸಾದೃಶ್ಯವು ಸಿದ್ಧಾಂತಕ್ಕೆ ದಾರಿಯೇ ಹೊರತು ಸಿದ್ಧಾಂತವಲ್ಲ. ಮೀನಿನ ಚೌಕಳಿಯನ್ನು ಬಾಗಿಸಿ ತೋರಿಸಿದ ಅವರು ನಿಸರ್ಗದಲ್ಲಿ ಅದನ್ನು ಬಾಗಿಸುವ ಶಕ್ತಿ ಯಾವುದೆಂದು ತೋರಿಸಲಾರದೆ ಹೋದರು. ಇತರರು ಮಣ್ಣನ್ನು ಮರೆತು ಕುಂಬಾರನನ್ನೇ ನೋಡುತ್ತಿದ್ದರೆ, ಇವರು ಮಣ್ಣಿನ ಮೇಲಣ ಮೋಹದಿಂದ ಕುಂಬಾರನನ್ನು ಅಲಕ್ಷಿಸಿದರು ಎನ್ನಬಹುದು.

1917ರಲ್ಲಿಯೇ ಥಾಂಪ್ಸನ್ನರು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿ ಮೂವತ್ತೊಂದು ವರ್ಷ. ಡಂಡಿಯ ಮೂವತ್ತೆರಡನ್ನೂ ಕೂಡಿಸಿದರೆ ಅರವತ್ತು ವರ್ಷಗಳಿಗೂ ಮಿಕ್ಕಿದ ಅಧ್ಯಾಪಕ ವೃತ್ತಿ. ನೀಳವಾದ ನಿಲುವು, ಬಿಳಿಯ ಗಡ್ಡ, ಹೆಗಲ ಮೇಲೊಂದು ಗಿಳಿ. ಈ ವೇಷದಲ್ಲಿ ಬೀದಿಯಲ್ಲಿ ನಡೆದುಬರುವ ಪ್ರಾಧ್ಯಾಪಕರನ್ನು ಊರಿನ ಮಕ್ಕಳೆಲ್ಲರೂ ಬಲ್ಲರು. ಬಾಲಕರಿಗಾಗಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1918ರಲ್ಲಿ ಕಡಲಿನ ಮೀನುಗಳನ್ನು ಕುರಿತು ಉಪನ್ಯಾಸಮಾಲೆಯನ್ನೂ ನಡೆಸಿಕೊಟ್ಟರು. ಮನ್ನಣೆಯು ತಡವಾಗಿ ಬಂದರೂ ಧಾರಾಳವಾಗಿ ಬಂದಿತು: 1916ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1937ರಲ್ಲಿ ಸರ್ ಪದವಿ, 1946ರಲ್ಲಿ ಆ ಸೊಸೈಟಿಯ ಡಾರ್ವಿನ್ ಪದಕ. ಡಾರ್ವಿನ್ನರ ಮುನ್ನುಡಿಯಿಂದ ಆರಂಭವಾದ ವಿದ್ವಜ್ಜೀವನಕ್ಕೆ ಡಾರ್ವಿನ್ನರ ಹೆಸರಿನ ಪದಕವೇ ಕಿರೀಟವಾಯಿತು.

1947ರ ಜನವರಿಯಲ್ಲಿ ದೆಹಲಿಯಲ್ಲಿ ಜವಾಹರಲಾಲ್ ನೆಹರೂ ಅವರ ಅಧ್ಯಕ್ಷತೆಯಲ್ಲಿ ಭಾರತ ವಿಜ್ಞಾನ ಸಮ್ಮೇಳನವು ನೆರೆದಾಗ, ಎಂಬತ್ತಾರು ವರ್ಷದ ಥಾಂಪ್ಸನ್ನರು ದೂರಪ್ರಯಾಣದ ಶ್ರಮವನ್ನು ಲೆಕ್ಕಿಸದೆ ಅದರಲ್ಲಿ ಪಾಲ್ಗೊಂಡರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತಿದ್ದ ಭಾರತವನ್ನು ಕಂಡು ಹಿಂದಿರುಗಿದ ಮೇಲೆ ಅವರ ಆರೋಗ್ಯವು ಕುಂದಿತು. ಆದರೂ ಅದೇ ವರ್ಷ ಗ್ರೀಕ್ ಮೀನುಗಳ ಹೆಸರಿನ ಕೋಶವು ಪ್ರಕಟವಾಯಿತು. 1948ನೆಯ ಇಸವಿ ಜೂನ್ 21ರಂದು ಸೇಂಟ್ ಆಂಡ್ರೂಸಿನ ತಮ್ಮ ಮನೆಯಲ್ಲಿ ಅವರು ಕೊನೆಯುಸಿರೆಳೆದರು.

ಅವರ ವಿಚಾರವು ಅವರೊಡನೆ ಅಳಿಯಲಿಲ್ಲ. 1952ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಜೀವಿಗಳಲ್ಲಿ ವಿನ್ಯಾಸಗಳು ಮೂಡುವ ಬಗೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಹೆಸರಿಸಿದ ಕೆಲವೇ ಗ್ರಂಥಗಳಲ್ಲಿ ಥಾಂಪ್ಸನ್ನರದೂ ಒಂದು. 1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಎಂಬವರು ಉಭಯಚರಗಳ ಭ್ರೂಣದ ಕೋಶಗಳನ್ನು ಬಿಡಿಸಿ ಕಲಸಿಟ್ಟರೂ ಅವು ಮತ್ತೆ ತಮ್ಮ ತಮ್ಮ ಪದರಗಳಾಗಿ ಬೇರ್ಪಡುವುದನ್ನು ಕಂಡರು. ಎಣ್ಣೆ ನೀರುಗಳು ಬೇರಾಗುವಂತೆ ಕೋಶಗಳು ಪರಸ್ಪರ ಅಂಟಿಕೊಳ್ಳುವ ಬಲದ ತಾರತಮ್ಯದಿಂದಲೇ ಇದು ನಡೆಯುತ್ತದೆಂದು 1960ರ ದಶಕದಲ್ಲಿ ಸ್ಟೈನ್‌ಬರ್ಗ್ ವಿವರಿಸಿದರು. ಅಂಗಾಂಶವೂ ಒಂದು ಬಗೆಯ ದ್ರವವೆಂಬ ಕಲ್ಪನೆಯು ಹೀಗೆ ಪ್ರಯೋಗಸಿದ್ಧವಾಯಿತು.

2011ರಲ್ಲಿ ಹಾರ್ವರ್ಡಿನ ವಿದ್ವಾಂಸರು ಕೋಳಿಯ ಭ್ರೂಣದಲ್ಲಿ ಕರುಳು ಸುರುಳಿಯಾಗುವ ಬಗೆಯನ್ನು ಪರೀಕ್ಷಿಸಿದರು. ಕರುಳು ಬೇಗ ಬೆಳೆಯುತ್ತದೆ. ಅದನ್ನು ಹಿಡಿದಿರುವ ತೆಳುಪೊರೆಯು ನಿಧಾನವಾಗಿ ಬೆಳೆಯುತ್ತದೆ. ಸೀರೆಯ ಅಂಚನ್ನು ದಾರದಿಂದ ಜಗ್ಗಿದಾಗ ನಿರಿಗೆ ಬೀಳುವಂತೆ ಕರುಳು ಮಡಿಮಡಿಯಾಗುತ್ತದೆ. ಪೊರೆಯನ್ನು ಕತ್ತರಿಸಿ ಬೇರ್ಪಡಿಸಿದರೆ ಕರುಳು ನೆಟ್ಟಗಾಗುತ್ತದೆ. ರಬ್ಬರಿನ ಕೊಳವೆಯನ್ನು ಎಳೆದ ರಬ್ಬರಿನ ಹಾಳೆಗೆ ಹೊಲಿದು ಬಿಟ್ಟಾಗಲೂ ಅದೇ ಸುರುಳಿಗಳು ಮೂಡಿದವು. ಬೇರೆ ಹಕ್ಕಿಗಳಲ್ಲಿಯೂ ಇಲಿಯಲ್ಲಿಯೂ ಸುರುಳಿಗಳ ಸಂಖ್ಯೆಯು ಬೇರೆಯಾಗುವುದಕ್ಕೆ ಅಂಗಾಂಶಗಳ ಗಾತ್ರ, ಬಿಗುವು, ಬೆಳವಣಿಗೆಗಳ ವ್ಯತ್ಯಾಸವೇ ಸಾಕೆಂದು ಲೆಕ್ಕವು ತೋರಿಸಿತು. ಹಿಸ್ ಅವರ ರಬ್ಬರಿನ ಕೊಳವೆಯನ್ನು ನೋಡಿ ನಕ್ಕವರಿಗೆ ನೂರಮೂವತ್ತೇಳು ವರ್ಷಗಳ ಬಳಿಕ ಉತ್ತರವು ದೊರೆಯಿತು. ಡಾರ್ವಿನ್ನರು ಸಂಗ್ರಹಿಸಿ ತಂದ ಗಲಪಗಾಸ್ ದ್ವೀಪಗಳ ಫಿಂಚ್ ಹಕ್ಕಿಗಳ ಕೊಕ್ಕುಗಳಾದರೋ, ಒಂದನ್ನು ಹಿಗ್ಗಿಸಿ ಅಥವಾ ಓರೆಯಾಗಿ ಜಗ್ಗಿ ಇನ್ನೊಂದನ್ನು ಪಡೆಯಬಹುದಾದಂಥವು ಎಂದು 2010ರಲ್ಲಿ ಗಣಿತದಿಂದ ಸಿದ್ಧಪಟ್ಟಿತು. ಥಾಂಪ್ಸನ್ನರ ಚೌಕಳಿಯು ಹೀಗೆ ಡಾರ್ವಿನ್ನರ ಹಕ್ಕಿಗಳ ಮೇಲೆಯೇ ಹಾಸಿಕೊಂಡಿತು.

ವಂಶವಾಹಿ ಮತ್ತು ಭೌತಬಲಗಳ ನಡುವಣ ವಿವಾದಕ್ಕೂ ಸಮನ್ವಯದ ಹಾದಿ ತೆರೆಯಿತು. ಹಣ್ಣಿನ ನೊಣದ ಭ್ರೂಣವನ್ನು ಮೆಲ್ಲನೆ ಅದುಮಿದರೆ, ಸಾಮಾನ್ಯವಾಗಿ ಸುಮ್ಮನಿರುವ ಭಾಗಗಳಲ್ಲಿಯೂ ಟ್ವಿಸ್ಟ್ ಎಂಬ ವಂಶವಾಹಿಯು ಎಚ್ಚರಗೊಳ್ಳುತ್ತದೆಂದು 2003ರಲ್ಲಿ ಫ್ರಾನ್ಸಿನ ಫಾರ್ಜ್ ತೋರಿಸಿದರು. ವಂಶವಾಹಿಗಳು ಅಂಗಾಂಶದ ಜಿಗುಟು, ಬಿಗುವು, ವೇಗಗಳನ್ನು ನಿಯಮಿಸುತ್ತವೆ. ಆ ಗುಣಗಳಿಂದ ಹುಟ್ಟಿದ ಒತ್ತಡವು ಮರಳಿ ವಂಶವಾಹಿಗಳನ್ನು ಪ್ರೇರಿಸುತ್ತದೆ. ನಿಸರ್ಗದ ಆಯ್ಕೆಯು ಇವುಗಳಲ್ಲಿ ಆರಿಸುತ್ತದೆ ನಿಜ. ಆದರೆ ದ್ರವ್ಯದ ನಿಯಮವು ಯಾವ ರೂಪಗಳನ್ನು ಮುಂದಿಡಬಲ್ಲದೋ ಅವುಗಳಲ್ಲಿಯೇ ಅದು ಆರಿಸಬೇಕು. ಮಣ್ಣೂ ಕುಂಬಾರನೂ ಪರಸ್ಪರ ವಿರೋಧಿಗಳಲ್ಲವೆಂಬುದು ಹೀಗೆ ನಿಶ್ಚಯವಾಯಿತು.

ಥಾಂಪ್ಸನ್ನರ ಚರಿತ್ರೆಯಿಂದ ವಿದ್ಯಾರ್ಥಿಗಳು ಮನಗಾಣಬೇಕಾದ ಅಂಶಗಳು ಎರಡು. ಭಾಷೆ, ಗಣಿತ, ವಿಜ್ಞಾನಗಳೆಂಬ ವಿಂಗಡಣೆಯು ಪಾಠಕ್ರಮದ ಅನುಕೂಲಕ್ಕಾಗಿ ಮಾಡಿಕೊಂಡುದು; ಶಂಖದ ಸುರುಳಿಯಲ್ಲಿ ಅಂತಹ ಗೋಡೆಗಳಿಲ್ಲ. ಗ್ರೀಕ್ ವ್ಯಾಕರಣವನ್ನು ಪ್ರೀತಿಸಿದವರೇ ಎಲುಬಿನೊಳಗಣ ಸೇತುವೆಯನ್ನು ಕಂಡರು. ಎರಡನೆಯದು ಇದಕ್ಕಿಂತಲೂ ಕಠಿನವಾದುದು. ಸರಿಯಾದ ಪ್ರಶ್ನೆಯನ್ನು ಕೇಳಿದವರಿಗೆ ಉತ್ತರವು ಅವರ ಆಯುಷ್ಯದಲ್ಲಿಯೇ ದೊರೆಯುವುದೆಂಬ ಭರವಸೆಯಿಲ್ಲ. ದೊಡ್ಡ ಪೀಠಗಳು ಕೈತಪ್ಪಿದಾಗ ಥಾಂಪ್ಸನ್ನರು ಪ್ರಶ್ನೆಯನ್ನು ಬದಲಿಸಿಕೊಳ್ಳಲಿಲ್ಲ. ಸಣ್ಣ ಊರಿನ ಕಾಲೇಜಿನಲ್ಲಿ ಕುಳಿತು, ನಾವಿಕರು ತಂದ ಎಲುಬುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, ಐವತ್ತೇಳನೆಯ ವಯಸ್ಸಿನವರೆಗೆ ಕಾದರು. ಡಂಡಿಯ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವು ಇಂದಿಗೂ ಇದೆ. ಅವರ ಪ್ರಶ್ನೆಯು ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಇಂದಿಗೂ ನಡೆಯುತ್ತಿದೆ.